ಮೀಸೆಗೆ ಬಂದ ಥೆರಪಿ

ಬೊಮ್ಮಪ್ಪನ ಬಲಗೈ ಎದೆಯವರೆಗೆ ಬಂದು ನಿಂತುಬಿಡುತ್ತಿತ್ತು. ಉಣ್ಣುವಾಗ ತಲೆ ಬಗ್ಗಿಸಿ ಬಾಯನ್ನೇ ತುತ್ತಿನ ಬಳಿಗೆ ಒಯ್ಯುತ್ತಿದ್ದ. ಅದನ್ನು ಹೇಗೋ ಸಹಿಸಿದ್ದ. ಸಹಿಸಲಾಗದ್ದು ಮೀಸೆಯ ಸಂಕಟ. ಟಗರಿನ ಕೊಂಬಿನಂತೆ ಸುರುಳಿ ಸುತ್ತಿ ಚಿಗಟೇರಿ ಊರಿಗೆಲ್ಲ ಹೆಸರಾಗಿದ್ದ ಮೀಸೆ ಈಗ ತಿರುವುವವರಿಲ್ಲದೆ ಜೋತುಬಿದ್ದಿತ್ತು. ಎಡಗೈಯಲ್ಲಿ ತಿರುವಿದರೆ ಎರಡು ತುದಿ ಎರಡು ದಿಕ್ಕು ನೋಡುತ್ತಿದ್ದವು.

ಹಗರಿಬೊಮ್ಮನಹಳ್ಳಿಯ ಡಾಕ್ಟರು ಭುಜ ಒತ್ತಿ ನೋಡಿ, "ಕೀಲು ಬಿಗಿದೈತಿ. ಫಿಜಿಯೋಥೆರಪಿ ಮಾಡಿಸ್ರಿ, ಮೀಸಿ ತಿರುವೂವಂಗ ಆಗತೈತಿ" ಎಂದರು.

ಬೊಮ್ಮಪ್ಪನಿಗೆ ಹೋದ ಜೀವ ಬಂದಂತಾಯಿತು. ಬಸ್ಸು ಹತ್ತಿದವನೇ ಹೆಂಡತಿ ಗೀತಮ್ಮನಿಗೆ ಫೋನು ಮಾಡಿದ. ಆ ಉದ್ದನೆಯ ಹೆಸರಿನ ಬಾಲವಷ್ಟೇ ಅವನ ನೆನಪಿನಲ್ಲಿ ಉಳಿದಿತ್ತು.

"ಥೆರಪಿ ಮಾಡಿಸ್ಬೇಕಂತ ನೋಡು!"

ಹಿಂದಿನ ಸೀಟಿನಲ್ಲಿ ಅವನ ಓಣಿಯ ಗಾದೆಮ್ಮ ಕೂತಿದ್ದಳು. ಆಕೆಗೆ ಗೊತ್ತಿದ್ದ ಥೆರಪಿ ಒಂದೇ. ಅದು ಆಕೆಯ ಬೀಗರಿಗೆ ಕ್ಯಾನ್ಸರ್ ಬಂದಾಗ ಕೊಟ್ಟದ್ದು, ತಲೆಗೂದಲೆಲ್ಲ ಉದುರಿಸಿದ್ದು. ಗಾದೆಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ತಾನೂ ಫೋನು ತೆಗೆದಳು.

ಬಸ್ಸಿಗಿಂತ ಮೊದಲೇ ಸುದ್ದಿ ಊರು ಮುಟ್ಟಿತು. ಬೊಮ್ಮಪ್ಪ ಇಳಿಯುತ್ತಲೇ ಒಬ್ಬರು ಚೀಲ ಇಸಿದುಕೊಂಡರು, ಇನ್ನೊಬ್ಬರು ನಡು ಹಿಡಿದು ನಡೆಸಿದರು. ಮನೆಯಲ್ಲಿ ಕುರಿಗಳಿಗೆ ಯಾರೋ ನೀರು ಕುಡಿಸಿ ಹಟ್ಟಿಗೆ ಕೂಡಿದ್ದರು. ನೆರೆಮನೆಗಳ ರೊಟ್ಟಿ, ಹಾಲು, ಎಳನೀರು ಸಾಲಾಗಿ ಬಂದು ಕೂತಿದ್ದವು. ಗೀತಮ್ಮ ಗೋಳೋ ಎಂದು ಅಳುತ್ತಿದ್ದಳು.

"ಲೇ, ಭುಜದ ಥೆರಪಿ ಅದು!" ಎಂದ ಬೊಮ್ಮಪ್ಪ.

"ಅಯ್ಯೋ ಶಿವನ, ಭುಜಕ್ಕೂ ಹಬ್ಬೈತಂತ!" ಎಂದು ಗಾದೆಮ್ಮ ಎದೆ ಬಡಿದುಕೊಂಡಳು.

ಅಷ್ಟರಲ್ಲಿ ಬಾಗಿಲಲ್ಲಿ ಅಪರಿಚಿತನೊಬ್ಬ ನಿಂತ. ಕಣ್ಣು ಕಿರಿದು ಮಾಡಿ ನೋಡಿದರೆ ಮಂಜಣ್ಣ! ಟಗರಿನ ಕಾಳಗದಲ್ಲಿ ಯಾರ ಟಗರು ಮೊದಲು ಹಿಂದೆ ಸರಿಯಿತು ಎಂಬ ಜಗಳದಲ್ಲಿ ಮಾತು ಬಿಟ್ಟ ಗೆಳೆಯ. ಬೊಮ್ಮಪ್ಪನ ಮೀಸೆಗೆ ಊರಲ್ಲಿ ಸರಿಸಾಟಿ ಇದ್ದದ್ದು ಅವನದೊಂದೇ. ಈಗ ತುಟಿಯ ಮೇಲೆ ಏನೂ ಇರಲಿಲ್ಲ.

"ನೀ ಉಳೀಲಿ ಅಂತ ಬೀರಲಿಂಗೇಶ್ವರಗ ಹರಕಿ ಹೊತ್ತು ಮೀಸಿ ಕೊಟ್ಟೆ ಕಣಲೇ" ಎಂದು ಮಂಜಣ್ಣ ಅವನ ಎಡಗೈ ಹಿಡಿದು ಅತ್ತ.

ಬೊಮ್ಮಪ್ಪನಿಗೂ ಕಣ್ಣು ತುಂಬಿ ಬಂತು. ಇಂಥ ಗೆಳೆಯನ ಮುಂದೆ ಸುಮ್ಮನಿರುವುದು ಪಾಪವೆನಿಸಿ, ಡಾಕ್ಟರಿಗೆ ಫೋನು ಹಚ್ಚಿಸಿ ಎಲ್ಲರಿಗೂ ಕೇಳಿಸಿದ.

"ಕ್ಯಾನ್ಸರಾ? ಯಾರು ಹೇಳಿದ್ರು? ಭುಜ ಒಂದು ಬಿಟ್ರ ಆಳು ಕಲ್ಲಿನಂಗ ಅದಾನ!"

ಮಂಜಣ್ಣ ಬೋಳು ತುಟಿ ಸವರಿಕೊಂಡ. ಆಮೇಲೆ ಅವನ ಮುಖ ಬೆಳಗಿತು.

"ನೋಡ್ರಪ್ಪಾ! ಮೀಸಿ ಕೊಟ್ಟು ಒಂದು ತಾಸು ಆಗಿಲ್ಲ, ಕ್ಯಾನ್ಸರ್ ಹೋಗಿ ಬರೇ ಕೀಲುನೋವು ಉಳಿದೈತಿ!"

ಎಲ್ಲರೂ ಬೀರಲಿಂಗೇಶ್ವರನಿಗೆ ಜೈಕಾರ ಹಾಕಿದರು. "ಗೆಳ್ಯಾ ಕೊಟ್ಟಾನ, ಜೀವ ಉಳಿದಾತ ಕೊಡಬ್ಯಾಡೇನು?" ಎಂದಳು ಗಾದೆಮ್ಮ. ಓಣಿಯ ಕಣ್ಣೆಲ್ಲ ಬೊಮ್ಮಪ್ಪನ ಮೀಸೆಯ ಮೇಲೆ ನೆಟ್ಟವು.

ಅದನ್ನು ಮುಚ್ಚಿಕೊಳ್ಳಲು ಬೊಮ್ಮಪ್ಪ ಗಾಬರಿಯಿಂದ ಕೈ ಎತ್ತಿದ. ಎಡಗೈ ಮಂಜಣ್ಣನ ಹಿಡಿತದಲ್ಲಿತ್ತು. ಬಲಗೈ ಎದೆಯವರೆಗೆ ಬಂದು ಅಲ್ಲೇ ನಿಂತಿತು.

"ಕೈ ಮುಗದಾನ, ಒಪ್ಪಿದ!" ಎಂದು ಜನ ಕೂಗಿದರು.

ಸಂಜೆ ಇಬ್ಬರು ಬೋಳುತುಟಿಯವರು ಕಟ್ಟೆಯ ಮೇಲೆ ಒಂದೇ ತಾಟಿಗೆ ಕೂತರು.

"ನಿನ್ನ ಕೈ ಮ್ಯಾಲ ಏಳೂದ್ರಾಗ ಎರಡೂ ಮೀಸಿ ಬೆಳೀತಾವ ತಡಿಯಲೇ" ಎನ್ನುತ್ತ ಮಂಜಣ್ಣ ರೊಟ್ಟಿ ಮುರಿದು ಅವನ ಬಾಯಿಗೆ ಹಿಡಿದ.

ಬಹಳ ದಿನಗಳ ಮೇಲೆ ಬೊಮ್ಮಪ್ಪ ತಲೆ ಬಗ್ಗಿಸದೆ ಉಂಡ.