ಛತ್ರಿ ಕೂತ ಮನೆ

ಜಂಬುನಾಥನ ಬಾಯಿಂದ ಅವತ್ತು ಹೊರಬಿದ್ದದ್ದು ಎರಡೇ ಮಾತು: "ವಾಷಿಂಗ್ ಮಷೀನ್." ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ.

ನಾದಿನಿಯ ಮದುವೆ. ಯಾರು ಏನು ಉಡುಗೊರೆ ಕೊಟ್ಟರೆಂದು ಮೈಕಿನಲ್ಲಿ ಕೂಗಿ ಹೇಳುವುದು ಆ ಮನೆತನದ ಪದ್ಧತಿ. ಜಂಬುನಾಥನ ಷಡ್ಡಕ ಮಲ್ಲಿಕಾರ್ಜುನ್ ಸಂಡೂರಿನಲ್ಲಿ ನಾಲ್ಕು ಲಾರಿ ಇಟ್ಟವನು, ಅವನು ಫ್ರಿಜ್ ಅಂತ ಬರೆಸಿದ. ಮೈಕು ಕೂಗಿತು, ಮಂಟಪವೆಲ್ಲ ಚಪ್ಪಾಳೆ. ಮುಂದಿನ ಸರದಿ ಜಂಬುನಾಥನದು. ಅವನ ಜೇಬಿನಲ್ಲಿ ಇದ್ದದ್ದು ಐನೂರಾ ಒಂದು ರೂಪಾಯಿಯ ಕವರು. ಪಕ್ಕದಲ್ಲಿ ನಿಂತ ಹೆಂಡತಿ ಶಿಲ್ಪಶ್ರೀ ಒಮ್ಮೆ ತನ್ನ ಅಕ್ಕನ ಮುಖ ನೋಡಿದಳು, ಒಮ್ಮೆ ಇವನ ಮುಖ ನೋಡಿದಳು. ಅಷ್ಟೇ ಸಾಕಾಯಿತು, ಆ ಎರಡು ಮಾತು ಹೊರಬಿದ್ದವು. ಮೈಕಿನವನು ಎರಡು ಸಲ ಕೂಗಿದ ಮೇಲೆ ಹಿಂದೆ ಸರಿಯಲು ದಾರಿ ಉಳಿಯಲಿಲ್ಲ.

ಬೋನಸ್ ಬಂದಿದೆ ಎಂದು ಹೆಂಡತಿಗೆ ಸುಳ್ಳು ಹೇಳಿ, ಹೊಸಪೇಟೆ ಸ್ಟೇಷನ್ ರಸ್ತೆಯ ಟೈರ್ ಅಂಗಡಿ ಮಹಡಿಯಲ್ಲಿದ್ದ ಮೈಲಾರಲಿಂಗಪ್ಪನ ಫೈನಾನ್ಸಿನಿಂದ ಸಾಲ ತೆಗೆದು ಮಷೀನ್ ಕೊಡಿಸಿದ. ನಾದಿನಿಯ ಬಟ್ಟೆಗಳು ಈಗ ತಾವಾಗಿಯೇ ಒಗೆದುಕೊಳ್ಳುತ್ತವೆ. ಶಿಲ್ಪಶ್ರೀ ಮಾತ್ರ ಚಿತ್ತವಾಡಗಿಯ ತನ್ನ ಹಿತ್ತಿಲ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತ, ತನ್ನ ಗಂಡನ ದೊಡ್ಡ ಮನಸ್ಸಿನ ಬಗ್ಗೆ ಓಣಿಗೆಲ್ಲ ಹೇಳುತ್ತಾಳೆ. ಕೇಳಿಸಿಕೊಂಡಾಗಲೆಲ್ಲ ಜಂಬುನಾಥ ಚಪ್ಪಲಿ ಹುಡುಕುವ ನೆಪ ಮಾಡಿ ತಲೆ ಬಗ್ಗಿಸುತ್ತಾನೆ.

ಮರಿಯಮ್ಮನಹಳ್ಳಿಯ ವೇಬ್ರಿಜ್ಜಿನಲ್ಲಿ ಕೂತು ಅದಿರು ಲಾರಿ ತೂಗುವವನ ಸಂಬಳ ಎಷ್ಟು ಅಂತ ಬೇರೆ ಹೇಳಬೇಕಿಲ್ಲ. ನಾಲ್ಕು ಕಂತು ತಪ್ಪಿದವು. ನಾಲ್ಕನೆಯದು ತಪ್ಪಿದ ದಿನ ಮೈಲಾರಲಿಂಗಪ್ಪ ಕರೆಸಿದ.

ಈ ಮೈಲಾರಲಿಂಗಪ್ಪ ಗದರುವವನಲ್ಲ. ಕಾನೂನು ಬಿಗಿಯಾದ ಮೇಲೆ ಸಾಲಗಾರರನ್ನು ಬೈಯುವಂತಿಲ್ಲ, ಬೆದರಿಸುವಂತಿಲ್ಲ. ಆದ್ದರಿಂದ ಅವನು ಒಂದು ಉಪಾಯ ಕಂಡುಕೊಂಡಿದ್ದ. ಕಂತು ತಪ್ಪಿದವನ ಮನೆಯೆದುರು ಒಬ್ಬ ಆಳು, ಒಂದು ಪ್ಲಾಸ್ಟಿಕ್ ಕುರ್ಚಿ, ಮತ್ತು ಬಂಡಿಗಾಲಿಯಷ್ಟು ಅಗಲದ ಹಸಿರು ಛತ್ರಿ. ಆಳು ಯಾರನ್ನೂ ಮಾತಾಡಿಸುವುದಿಲ್ಲ, ಬಾಗಿಲು ಬಡಿಯುವುದಿಲ್ಲ, ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಕೂತಿರುತ್ತಾನೆ. ಹೊಸಪೇಟೆಯಿಂದ ಕಂಪ್ಲಿಯವರೆಗೆ ಆ ಛತ್ರಿಯ ಗುರುತು ಇಲ್ಲದವರಿಲ್ಲ. "ಅವರ ಮನೆಗೆ ಛತ್ರಿ ಕೂತಿತಂತೆ" ಎಂಬ ಮಾತು ಒಮ್ಮೆ ಹುಟ್ಟಿತೆಂದರೆ ಆ ಮನೆಯವರು ಕಿರಾಣಿ ಅಂಗಡಿಗೂ ಹಿಂದಿನ ಗಲ್ಲಿಯಿಂದ ಹೋಗಬೇಕಾಗುತ್ತಿತ್ತು.

ಜಂಬುನಾಥ ಕಾಲು ಹಿಡಿಯುವುದೊಂದು ಬಾಕಿ. ಬೇಕಾದರೆ ಬಡ್ಡಿ ಏರಿಸಿ, ಹೆಂಡತಿಗೆ ಮಾತ್ರ ತಿಳಿಯಬಾರದು ಎಂದ. ಮೈಲಾರಲಿಂಗಪ್ಪ ಎಲೆಯಡಿಕೆ ಮಡಿಸುತ್ತ ಅವನನ್ನೇ ನೋಡಿದ.

"ನಿಮ್ಗ ದಿನಾ ಕುಂತು ರೂಢಿ ಐತಲ್ರಿ. ಬುಧವಾರ ರಜಾ ಅಂತೀರಿ. ನಾಳೆ ನಮ್ಮ ಛತ್ರಿ ತಗೊಂಡು ಕಂಪ್ಲಿಗೆ ಹೋಗ್ರಿ. ಒಂದಿನ ಕುಂತ್ರ ಏಳ್ನೂರು ನಿಮ್ಮ ಸಾಲಕ್ಕ ಜಮಾ."

"ಹಂಗಾದ್ರ ನಮ್ಮ ಮನಿಗೆ..."

"ಮೊದ್ಲು ನೀವು ಕುಂದ್ರಿ. ಆಮ್ಯಾಲೆ ನೋಡೂಣು."

ಇದನ್ನು ಜಂಬುನಾಥ ಅಭಯಹಸ್ತ ಎಂದೇ ತಿಳಿದ. ಇನ್ನೊಮ್ಮೆ ಬಿಡಿಸಿ ಕೇಳಲು ಅವನಿಗೆ ನಾಚಿಕೆಯಾಯಿತು. ನಾಚಿಕೆಗೆ ಅವನು ತೆತ್ತ ಬೆಲೆಗಳಲ್ಲಿ ಇದೂ ಒಂದು.

ಬುಧವಾರ ಬೆಳಿಗ್ಗೆ ಓವರ್‌ಟೈಮ್ ಡ್ಯೂಟಿ ಎಂದು ಹೇಳಿ ಹೊರಟ. ಶಿಲ್ಪಶ್ರೀ ಡಬ್ಬಿ ಕಟ್ಟಿಕೊಟ್ಟು, ಪಾಪ ರಜಾ ದಿನವೂ ದುಡಿಯುತ್ತೀರಿ ಎಂದಳು. ಫೈನಾನ್ಸಿನಲ್ಲಿ ಕುರ್ಚಿ, ಛತ್ರಿ ತೆಗೆದುಕೊಂಡು ಕಂಪ್ಲಿ ಬಸ್ಸು ಹತ್ತಿದ. ಕಂಡಕ್ಟರ್ ಕುರ್ಚಿಗೆ ಲಗೇಜ್ ಟಿಕೆಟ್ ಹರಿದು, ಛತ್ರಿ ನೋಡಿ ದನಿ ಇಳಿಸಿ, ಯಾವ ಊರಿಗೆ ಎಂದು ಕೇಳಿದ. ಅವನು ದನಿ ಇಳಿಸಿದ್ದರಿಂದಲೇ ಇಡೀ ಬಸ್ಸು ಕಿವಿ ನಿಮಿರಿಸಿತು. ಕಂಪ್ಲಿಗೆ ಎಂದು ಕೇಳಿದ ಕೂಡಲೇ ನಡುವಿನ ಹಳ್ಳಿಗಳವರು ನಿರಾಳವಾಗಿ ಕಾಲು ಚಾಚಿದರು. ಹಿಂದಿನ ಸೀಟಿನ ಒಬ್ಬ ಕಂಪ್ಲಿಯವನು ಮಾತ್ರ ದಾರಿಯಲ್ಲೇ ಇಳಿದುಕೊಂಡ.

ಕೂರಬೇಕಾದ ಮನೆ ರೈಸ್ ಮಿಲ್ಲಿನ ಡ್ರೈವರ್ ಹಂಪಯ್ಯನದು. ಇಕ್ಕಟ್ಟಾದ ಓಣಿ, ಎದುರಿಗೆ ರಾಯಣ್ಣನ ಚಹಾದಂಗಡಿ, ಪಕ್ಕದಲ್ಲಿ ವಿರುಪಮ್ಮ ಎಂಬ ಮುದುಕಿಯ ಮನೆ. ಜಂಬುನಾಥ ಕುರ್ಚಿ ಹಾಕಿ, ಛತ್ರಿ ಬಿಚ್ಚಿ ಕೂತ. ಹಂಪಯ್ಯನ ಹೆಂಡತಿ ತಾಯಕ್ಕ ಕಸ ಚೆಲ್ಲಲು ಹೊರಗೆ ಬಂದವಳು ಛತ್ರಿ ನೋಡಿ ನಿಂತುಬಿಟ್ಟಳು. ಮೊದಲು ಪಕ್ಕದ ಮನೆ ನೋಡಿದಳು, ಆಮೇಲೆ ಅಂಗಡಿ ನೋಡಿದಳು. ಕುರ್ಚಿಯ ಮುಖ ತನ್ನ ಬಾಗಿಲ ಕಡೆಗೇ ಇದೆ ಎಂದು ಗೊತ್ತಾದಾಗ ಮೊರದಲ್ಲಿದ್ದ ಕಸವನ್ನು ವಾಪಸ್ ಒಳಗೆ ತೆಗೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಆ ಮುಖ ನೋಡಿದ ಮೇಲೆ ಜಂಬುನಾಥನಿಗೆ ಶಿಲ್ಪಶ್ರೀ ಕಟ್ಟಿಕೊಟ್ಟ ಡಬ್ಬಿ ಬಿಚ್ಚುವ ಮನಸ್ಸಾಗಲಿಲ್ಲ. ತಾಯಕ್ಕನಿಗೂ ಗಂಡನ ಸಾಲದ ಸುದ್ದಿ ಗೊತ್ತಿರಲಿಲ್ಲ ಎನ್ನುವುದು ಯಾರೂ ಹೇಳದೆ ತಿಳಿಯಿತು.

ವಿರುಪಮ್ಮ ಬಂದಳು. ಸಾಲ ಎಷ್ಟು ಎಂದು ಕೇಳಿದಳು. ಮಾತಾಡಬಾರದೆಂಬ ನಿಯಮವಿದ್ದ ಜಂಬುನಾಥ ಸುಮ್ಮನಿದ್ದ. ಹೇಳಲಾರದಷ್ಟು ದೊಡ್ಡದು ಎಂದುಕೊಂಡ ವಿರುಪಮ್ಮ ಓಣಿಯ ಆ ತುದಿಗೆ ಎರಡು ಲಕ್ಷ ಎಂದಳು, ಈ ತುದಿಗೆ ಬರುವಷ್ಟರಲ್ಲಿ ಅದು ಐದಾಯಿತು. ಯಾತಕ್ಕೆ ಸಾಲ ಎಂಬ ಬಗ್ಗೆಯೂ ಚಹಾದಂಗಡಿಯಲ್ಲಿ ಚರ್ಚೆ ನಡೆದು, ಹಂಪಯ್ಯನಿಗೆ ಇಲ್ಲದ ಒಂದೆರಡು ಚಟಗಳನ್ನು ಗೊತ್ತುಮಾಡಲಾಯಿತು.

ಹತ್ತು ಗಂಟೆಗೆ ರಾಯಣ್ಣ ಬಂದ. ಛತ್ರಿ ತನ್ನ ಅಂಗಡಿಗೆ ಹತ್ತಿರವಾಗಿದೆ, ಹಾಲಿನವನು ಅದನ್ನು ನೋಡಿ ಇವತ್ತಿನಿಂದ ಉದ್ದರಿ ಇಲ್ಲ ಎಂದು ಹೋದ, ದಯವಿಟ್ಟು ಅತ್ತ ಸರಿಯಿರಿ ಎಂದ. ಜಂಬುನಾಥ ಕುರ್ಚಿ ಎತ್ತಿಕೊಂಡು ಅತ್ತ ಸರಿದ. ಹೊತ್ತು ಏರಿದಂತೆ ಛತ್ರಿಯ ನೆರಳು ಮೆಲ್ಲಗೆ ಹೊರಳಿ ವಿರುಪಮ್ಮನ ಗೋಡೆಗೆ ತಾಗಿತು. ಮುದುಕಿ ಹಾರಿ ಹೊರಗೆ ಬಂದಳು. ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ಹೊತ್ತು, ಈ ನೆರಳು ನಮ್ಮ ಗೋಡೆಗೆ ಬ್ಯಾಡ ಎಂದು ಕುರ್ಚಿಯ ಕಾಲು ಹಿಡಿದು ಎಳೆದಳು, ಜಂಬುನಾಥ ಅದರ ಮೇಲೆ ಕೂತಿರುವಂತೆಯೇ. ಛತ್ರಿ ಮುಚ್ಚಿದರೆ ಬಿಸಿಲು, ಬಿಚ್ಚಿದರೆ ಯಾರದಾದರೂ ಮಾನ ಹೋಗುತ್ತಿತ್ತು. ಮಧ್ಯಾಹ್ನದವರೆಗೆ ಅವನು ಆ ಓಣಿಯಲ್ಲಿ ಕೂತದ್ದಕ್ಕಿಂತ ಕುರ್ಚಿ ಹೊತ್ತು ತಿರುಗಿದ್ದೇ ಹೆಚ್ಚು.

ಕೊನೆಗೆ ಬಾಗಿಲು ತೆರೆದವಳು ತಾಯಕ್ಕ. ಕೈಯಲ್ಲಿ ನೀರಿನ ಚೊಂಬು ಇತ್ತು.

"ನಮ್ಮ ಕಟ್ಟಿ ಮ್ಯಾಲೆ ಬಂದು ಕುಂದ್ರಿ. ನೆಳ್ಳು ಬಿದ್ರ ನಮ್ಮ ಮ್ಯಾಲೇ ಬೀಳ್ಲಿ. ನಮ್ದ ಅಲ್ಲೇನು."

ಕೂರಲು ಹೋದ ಮನೆಯಲ್ಲಿ ನೀರು ಕುಡಿಯಬಾರದು ಎಂದು ಮೈಲಾರಲಿಂಗಪ್ಪ ಒತ್ತಿ ಹೇಳಿದ್ದ. ಜಂಬುನಾಥ ಒಂದೇ ಉಸಿರಿಗೆ ಚೊಂಬು ಖಾಲಿ ಮಾಡಿದ. ಆಮೇಲೆ ರೊಟ್ಟಿ, ಪುಂಡಿಪಲ್ಯ ಬಂದವು. ಅವಳು ಸುಲಿಯುತ್ತಿದ್ದ ಶೇಂಗಾಕಾಯಿಯನ್ನು ಇವನೂ ಸುಲಿಯತೊಡಗಿದ. ಒಬ್ಬ ಹೆಣ್ಣುಮಗಳ ಮಾನ ತೆಗೆಯಲು ಬಂದು ಅವಳದೇ ರೊಟ್ಟಿ ತಿಂದಿದ್ದೇನಲ್ಲ ಎನ್ನುವುದು ಮನಸ್ಸಿಗೆ ಚುಚ್ಚುತ್ತಿತ್ತು. ಅದು ತಡೆಯಲಾರದೆ, ನಿಯಮ ಮುರಿದು, ವಾಷಿಂಗ್ ಮಷೀನಿನಿಂದ ಹಿಡಿದು ಓವರ್‌ಟೈಮಿನ ಸುಳ್ಳಿನವರೆಗೆ ಎಲ್ಲವನ್ನೂ ಹೇಳಿಬಿಟ್ಟ. ತಾನೂ ಸಾಲಗಾರ, ತನ್ನ ಮನೆಗೆ ಛತ್ರಿ ಬರಬಾರದೆಂದೇ ಇಲ್ಲಿ ಛತ್ರಿ ಹಿಡಿದು ಕೂತಿದ್ದೇನೆ ಎಂದ.

ತಾಯಕ್ಕ ನಗಲಿಲ್ಲ, ಬೈಯಲೂ ಇಲ್ಲ.

"ಸಾಲ ಎಲ್ಲಾರೂ ಮಾಡ್ತಾರ್ರಿ. ಆದ್ರ ನಂಗ ಅವ್ರ ಬಾಯಿಂದ ಗೊತ್ತಾಗಬೇಕಿತ್ತು. ನಿಮ್ಮ ಛತ್ರಿಯಿಂದ ಗೊತ್ತಾತು. ನೀವರ ಹೋಗಿ ಇವತ್ತ ಹೇಳಿಬಿಡ್ರಿ ನಿಮ್ಮ ಹೆಂಡ್ತಿಗೆ."

ಆ ಮಾತು ಜಂಬುನಾಥನೊಳಗೆ ಇಳಿಯಿತು. ಇವತ್ತೇ ಹೇಳಿಬಿಡುತ್ತೇನೆ ಎಂದು ನಿರ್ಧಾರ ಮಾಡಿದ. ಶೇಂಗಾ ಸುಲಿಯುತ್ತಲೇ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡ. ಮೊದಲು ತಪ್ಪಾಯಿತು ಎನ್ನಬೇಕು, ಆಮೇಲೆ ಬೋನಸ್ಸಿನ ಸುಳ್ಳು, ಆಮೇಲೆ ಸಾಲ. ಎಷ್ಟೋ ತಿಂಗಳ ಮೇಲೆ ಎದೆ ಹಗುರಾದಂತಿತ್ತು. ಐದು ಗಂಟೆಗೆ ಏಳಲು ಹೋದಾಗ ತಾಯಕ್ಕ ಬಿಡಲಿಲ್ಲ. ಗಂಡ ಗಂಗಾವತಿಗೆ ಅಕ್ಕಿ ಲೋಡು ಒಯ್ದಿದ್ದಾನೆ, ಬರುವವರೆಗೆ ಇರಬೇಕು, ಛತ್ರಿ ಎದುರಿಗೆ ಇಲ್ಲದಿದ್ದರೆ ಸಾಲವೇ ಇಲ್ಲ ಅಂತಾನೆ ಎಂದಳು.

ದೀಪ ಹಚ್ಚುವ ಹೊತ್ತಿಗೆ ಹಂಪಯ್ಯ ಬಂದ. ಬರುವಾಗ ಒಂದು ಹೆಗಲ ಮೇಲೆ ಪ್ಲಾಸ್ಟಿಕ್ ಕುರ್ಚಿ ಇತ್ತು. ಕಂಕುಳಲ್ಲಿ ಮಡಚಿದ ಹಸಿರು ಛತ್ರಿ ಇತ್ತು.

ಕಟ್ಟೆಯ ಮೇಲಿನ ಛತ್ರಿಯನ್ನು ಅವನು ನೋಡಿದ, ಅವನ ಛತ್ರಿಯನ್ನು ಇವನು ನೋಡಿದ. ತಾಯಕ್ಕ ಇಬ್ಬರನ್ನೂ ನೋಡಿದಳು. ವಿರುಪಮ್ಮನ ಬಾಗಿಲು ಸದ್ದಿಲ್ಲದೆ ತೆರೆಯಿತು.

ಹಂಪಯ್ಯ ಕುರ್ಚಿಯನ್ನು ಕೆಳಗಿಳಿಸಿ ಅದರ ಮೇಲೇ ಕುಸಿದು ಕೂತ. ದೋಸ್ತನೊಬ್ಬನಿಗೆ ಜಾಮೀನು ನಿಂತು ಕೆಟ್ಟೆ, ಹೇಳಲು ಮುಖ ಇರಲಿಲ್ಲ, ಮೈಲಾರಲಿಂಗಪ್ಪ ಒಂದು ದಿನ ಕೂತರೆ ಏಳುನೂರು ಜಮಾ ಅಂದ ಎಂದು ತಲೆ ತಗ್ಗಿಸಿಯೇ ಹೇಳಿದ. ಗಂಗಾವತಿಯೂ ಇಲ್ಲ, ಅಕ್ಕಿಯೂ ಇಲ್ಲ. ಎಲ್ಲಿ ಕೂತಿದ್ದೆ ಎಂದು ತಾಯಕ್ಕ ಕೇಳಿದಳು.

"ಹೊಸಪೇಟ್ಯಾಗ, ಚಿತ್ತವಾಡಗಿ. ಹಿಟ್ಟಿನ ಗಿರಣಿ ಬಾಜೂಕ. ಯಾರೋ ಜಂಬುನಾಥ ಅಂತ, ವೇಬ್ರಿಜ್‌ನ್ಯಾಗ ಕೆಲ್ಸ ಮಾಡ್ತಾನಂತ. ಅವ ಇರ್ಲಿಲ್ಲ, ಓವರ್‌ಟೈಮ್‌ಗೆ ಹೋಗಿದ್ದ."

ತಾಯಕ್ಕನ ಕೈಯಲ್ಲಿದ್ದ ಶೇಂಗಾಕಾಯಿ ಮೊರಕ್ಕೆ ಬಿತ್ತು. ಅವಳು ಜಂಬುನಾಥನ ಕಡೆ ನೋಡಲಿಲ್ಲ, ಅಷ್ಟು ಮಾತ್ರ ದಯೆ ತೋರಿದಳು.

ಹಂಪಯ್ಯನಿಗೆ ಅದು ತಿಳಿಯದು, ಅವನು ಮುಂದುವರಿಸಿದ. "ಆ ಹೆಣ್ಮಗಳು ಭಾಳ ಒಳ್ಳೇಕಿ. ಪಾಪ, ಬ್ಯಾರೆ ಮನಿಗೆ ಹೋಗೂದು ತಪ್ಪಿ ನಮ್ಮ ಮನಿಗೆ ಬಂದೀರಿ ಅಂದ್ಲು. ನನ್ನ ಗಂಡ ಯಾರ ಹತ್ರಾನೂ ಒಂದು ರೂಪಾಯಿ ಇಸಗೊಳ್ಳೂ ಮನಶಾ ಅಲ್ರಿ ಅಂತ ಓಣಿಗೆಲ್ಲ ಹೇಳಿ, ನಂಗ ಊಟಾನೂ ಹಾಕಿದ್ಲು. ನಂಗ ನಾಚಿಕಿಯಾಗಿ ತುತ್ತು ಇಳೀಲಿಲ್ಲ ನೋಡ್ರಿ."

ಜಂಬುನಾಥನ ಫೋನಿಗೆ ಮೆಸೇಜು ಬಂತು. ಕೂತ ಬಾಬ್ತು ಏಳುನೂರು ಜಮಾ. ನಿಮ್ಮ ಮನೆಗೆ ಆಳು ಕಳಿಸಿದ ಬಾಬ್ತು ಏಳುನೂರು ಖರ್ಚು. ಕುರ್ಚಿ ಬಾಡಿಗೆ ಐವತ್ತು, ಸಾಲಕ್ಕೆ ಸೇರಿಸಲಾಗಿದೆ. ಹಂಪಯ್ಯನ ಫೋನಿಗೂ ಅಂಥದೇ ಒಂದು ಬಂತು. ಅವನು ಅದನ್ನು ಓದಿ, ಇವನನ್ನು ನೋಡಿ, ನಿಧಾನವಾಗಿ ಎಲ್ಲ ಅರ್ಥ ಮಾಡಿಕೊಂಡು, ಕೂತಿದ್ದ ಕುರ್ಚಿಯಿಂದ ಎದ್ದು ನಿಂತ.

ಅಷ್ಟರಲ್ಲಿ ಶಿಲ್ಪಶ್ರೀಯ ಫೋನು. ತಾಯಕ್ಕ ಕಣ್ಣಲ್ಲೇ, ಈಗಲೇ ಹೇಳಿಬಿಡ್ರಿ ಎಂದಳು. ಜಂಬುನಾಥ ಜೋಡಿಸಿಟ್ಟ ಮಾತುಗಳನ್ನು ನೆನಪು ಮಾಡಿಕೊಂಡು ಫೋನು ಎತ್ತಿದ. ಅವಳ ದನಿಯಲ್ಲಿ ಅಳು ಇರಲಿಲ್ಲ, ಹುರುಪು ಇತ್ತು.

"ರೀ, ಆ ಫೈನಾನ್ಸಿನೋರು ಮನಿ ತಪ್ಪಿಸಿ ನಮ್ಮ ಬಾಗ್ಲಿಗೆ ಛತ್ರಿ ಕುಂದ್ರಿಸಿದ್ರು. ನಾನೇನು ಹೆದರ್ಲಿಲ್ಲ. ಓಣ್ಯಾಗ ಎಲ್ಲಾರೂ ನಮ್ಮ ಕಡೀಗೆ ಅದಾರ. ನಾಳೆ ಹದಿನೈದು ಮಂದಿ ಹೋಗಿ ಆ ಮೈಲಾರಲಿಂಗಪ್ಪನ ಕಡಿಂದ ಎಲ್ಲಾರ ಮುಂದ ತಪ್ಪಾತು ಅನ್ನಿಸೂದು ಅಂತ ಆಗೇತಿ. ಗಿರಣಿ ಜಡೆಪ್ಪ ಟಾಟಾ ಏಸ್ ಹೇಳ್ಯಾನ. ನೀವ ಮುಂದ ನಿಂತು ಮಾತಾಡಬೇಕು."

ಆದರೂ ಜಂಬುನಾಥ ಧೈರ್ಯ ಮಾಡಿದ.

"ಶಿಲ್ಪಾ, ನಿಂಗ ಒಂದು ಮಾತು ಹೇಳೂದೈತಿ."

"ಹೇಳ್ರಿ, ಜೋರಾಗಿ ಹೇಳ್ರಿ. ಎಲ್ಲಾರೂ ನಮ್ಮ ಕಟ್ಟಿ ಮ್ಯಾಲೇ ಕುಂತಾರ. ಸ್ಪೀಕರ್ ಹಾಕೀನಿ, ಕೇಳಾಕತ್ತಾರ."

ಆ ಕಡೆ ಹದಿನೈದು ಮಂದಿ ಉಸಿರು ಬಿಗಿಹಿಡಿದದ್ದು ಈ ಕಡೆಗೆ ಕೇಳಿಸಿತು. ತಾಯಕ್ಕ ಕಟ್ಟೆಯಿಂದ ಅರ್ಧ ಎದ್ದಿದ್ದಳು. ಜಂಬುನಾಥ ಅವಳಿಗೆ ಬೆನ್ನು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿದ.

"ಟಾಟಾ ಏಸ್ ಎಷ್ಟು ಗಂಟೆಗೆ ಬರ್ತೈತಿ ಅಂತ ಕೇಳೂದಿತ್ತು," ಎಂದ.