ದಾರಿ ಬಿಡದ ಬಸ್ಸು

ಹಿಂದೆ ಬರುವವನಿಗೆ ದಾರಿ ಬಿಡಬೇಕೇ ಬೇಡವೇ ಎಂಬುದು ಮನುಕುಲ ಇನ್ನೂ ಇತ್ಯರ್ಥ ಮಾಡದ ಗಹನವಾದ ಪ್ರಶ್ನೆ. ಗಾಟ್‌ಲ್ಯಾಂಡ್ ದ್ವೀಪದಲ್ಲಿ ಮಾತ್ರ ಅದು ಎಂದೋ ತೀರ್ಮಾನವಾಗಿತ್ತು: ಬಿಡಬೇಕು. ಹೆನ್ನಿಂಗನ ತಾಪತ್ರಯಕ್ಕೆ ಅದೇ ಮೂಲ.

ಅವನು ಓಡಿಸುತ್ತಿದ್ದುದು ಪರೀಕ್ಷೆಯ ಬಸ್ಸು. ವಿಮಾನ ನಿಲ್ದಾಣದ ರಸ್ತೆಯೊಳಗೆ ತಾಮ್ರದ ಸುರುಳಿಗಳನ್ನು ಹೂತಿದ್ದರು. ಅವುಗಳ ನೆತ್ತಿಯ ಮೇಲೇ ಸಾಗಿದರೆ ತಂತಿಯ ಹಂಗಿಲ್ಲದೆ ಬ್ಯಾಟರಿ ತುಂಬುತ್ತದೆ. ಒಂದು ಗೇಣು ಸರಿದರೂ ಇಲ್ಲ. ಹೆನ್ನಿಂಗನೋ, ಕನ್ನಡಿಯಲ್ಲಿ ಕಾರು ಕಂಡೊಡನೆ ಮರ್ಯಾದೆಯಿಂದ ಅಂಚಿಗೆ ಸರಿಯುವವನು. ಎರಡು ಪರೀಕ್ಷೆಗಳು ಹಾಗೆಯೇ ಕೈಕೊಟ್ಟಿದ್ದವು. ಇಂದಿನದು ಕೊನೆಯದು. ಇದೂ ಹೋದರೆ ಸಮುದ್ರದ ಮಂಜು, ಮೋಡದಂಥ ಕುರಿಗಳು, ಕನಸಿನಂಥ ಈ ರಸ್ತೆ ಎಲ್ಲ ಬಿಟ್ಟು ಮತ್ತೆ ಊರೊಳಗಿನ ಬಸ್ಸಿಗೆ.

“ಎರಡು ಗಂಟೆಗೆ ಸ್ಟಾಕ್‌ಹೋಮಿನ ಪರೀಕ್ಷಕರು ಆ ತುದೀಲಿ ನಿಂತಿರ್ತಾರೆ,” ಎಂದಳು ಬ್ಯಾಟರಿ ಮೀಟರಿನ ಪಕ್ಕ ಕೂತ ಎಂಜಿನಿಯರ್ ಸೀವ್. “ಹಿಂದೆ ಯಾರೇ ಬರ್ಲಿ, ಸರೀಬೇಡ.”

ತೂಕಕ್ಕೆಂದು ನಿವೃತ್ತ ನೆರೆಹೊರೆಯವರನ್ನು ತುಂಬಿದ್ದರು. ತಲೆಗೊಂದು ಏಲಕ್ಕಿ ಬನ್ನು. ಹಾಲಿನಲ್ಲಿ ಚಮಚ ಜಾರಿದಂತೆ ಬಸ್ಸು ಮಂಜಿನೊಳಗೆ ಜಾರಿತು. ಮೀಟರಿನ ಮುಳ್ಳು ನಿದ್ದೆಯಲ್ಲಿ ನಗುವ ಕೂಸಿನಂತೆ ಅಷ್ಟಷ್ಟೇ ಮೇಲೇರಿತು. ಅಷ್ಟರಲ್ಲಿ ಹಿಂದೊಂದು ಬಿಳಿ ಕಾರು.

“ಹೆನ್ನಿಂಗ್, ಕಾರು,” ಎಂದಳು ಪಕ್ಕದ ಮನೆಯ ಮಾಯ್‌ಬ್ರಿಟ್.

“ಕಂಡಿದೆ.”

“ಕಂಡೂ ಸರೀತಿಲ್ವಾ? ನಿಮ್ಮಮ್ಮ ಇದ್ದಿದ್ರೆ ಇಳ್ಕೊಂಡು ನಡ್ಕೊಂಡೇ ಹೋಗ್ತಿದ್ಲು.”

“ಹಾರ್ನಾದ್ರೂ ಹೊಡೀಬಾರ್ದಾ,” ಎಂದ ಹಳೆಯ ಅಂಚೆಯವ ಯೋರನ್, ಹಿಂದಿನ ಗಾಜಿಗೆ ಮೂಗು ಒತ್ತಿ. “ಸುಮ್ನೆ ನೋಡ್ತಿದಾರೆ ಮಾರಾಯ. ಇಬ್ರೂ ಟೈ ಕಟ್ಟಿದಾರೆ. ಯಾರ್ದೋ ಮಣ್ಣಿಗೆ ಹೊರಟಿರ್ಬೇಕು.”

“ಅಯ್ಯೋ, ಸತ್ತವ್ರಿಗೂ ದಾರಿ ಬಿಡದ ಪಾಪಿ!” ಎಂದು ಮಾಯ್‌ಬ್ರಿಟ್ ಬನ್ನನ್ನು ಕೆಳಗಿಟ್ಟಳು.

ಬಿಳಿ ಕಾರಿನ ಹಿಂದೆ ಕುರಿಗಾಡಿ, ಅದರ ಹಿಂದೆ ಪಾದ್ರಿ. ಮಂಜಿನಲ್ಲಿ ದಾಟಿ ಹೋಗುವ ಧೈರ್ಯ ಯಾರಿಗೂ ಇಲ್ಲ, ಹಾರ್ನು ಹೊಡೆಯುವ ಸಂಸ್ಕಾರವೂ ಇಲ್ಲ. ಆ ಮೌನ ಹೆನ್ನಿಂಗನ ಬೆನ್ನಿಗೆ ತಣ್ಣನೆಯ ಮೀನಿನಂತೆ ಅಂಟಿತು. ಕೈಗಳು ತಾವಾಗಿಯೇ ಬಲಕ್ಕೆ, ಅಂಚಿನತ್ತ ಎಳೆದವು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ನೇರ ನಡೆಸಿದ.

ಸರಿಯಾಗಿ ಎರಡಕ್ಕೆ ತುದಿ ಮುಟ್ಟಿದಾಗ ಬ್ಯಾಟರಿ ಹೊರಟಾಗ ಇದ್ದುದಕ್ಕಿಂತ ಹೆಚ್ಚು ತುಂಬಿತ್ತು. ಸೀವ್ ಅವನನ್ನು ತಬ್ಬಿಕೊಂಡಳು. ಆದರೆ ಅಲ್ಲಿ ಯಾರೂ ನಿಂತಿರಲಿಲ್ಲ. ಬಿಳಿ ಕಾರು ಬಂದು ನಿಂತಿತು. ಟೈಗಳೆರಡೂ ಇಳಿದವು.

“ಬಸ್ಸು ಬರುವಾಗ ಪರೀಕ್ಷಕರು ಇಲ್ಲಿ ನಿಂತಿರ್ಬೇಕು ಅಂತ ನಿಯಮ,” ಎಂದ ಹಿರಿಯ, ಗಡಿಯಾರ ನೋಡಿಕೊಂಡು. “ನಾವು ನಿಂತಿರ್ಲಿಲ್ಲ. ಸಹಿ ಹಾಕೋಕಾಗಲ್ಲ.”

“ಹಿಂದಿನಿಂದ ಪೂರ್ತಿ ನೋಡಿದ್ರಲ್ಲ!” ಎಂದ ಹೆನ್ನಿಂಗ್.

“ನೋಡಿದ್ವಿ,” ಎಂದ ಆತ ನೊಂದ ದನಿಯಲ್ಲಿ. “ಮೂರು ಕಿಲೋಮೀಟರ್ ನೋಡಿದ್ವಿ.”

ಸೋಮವಾರ ಹೆನ್ನಿಂಗ್ ಊರೊಳಗಿನ ಬಸ್ಸು ಹತ್ತಿದ.