ಕುಕ್ಕರ್ ಕೂಗಿದಾಗ ಬೀಗರನ್ನು ಕಾಪಾಡಿದ್ದು

ಅಜ್ಜಂಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಉಗಿಯ ಒತ್ತಡದ ಬಗ್ಗೆ ಮಕ್ಕಳಿಗೆ ಎಷ್ಟು ಬೇಕಾದರೂ ಪಾಠ ಹೇಳಬಲ್ಲೆ. ಆದ್ದರಿಂದ ಹೆಂಡತಿ ಸುಜಾತ ಮನೆಯಲ್ಲಿಲ್ಲದ ದಿನ ಒಂದಿಷ್ಟು ತೊಗರಿಬೇಳೆ ಬೇಯಿಸುವುದು ನನಗೆ ದೊಡ್ಡ ಕೆಲಸವಾಗಿ ಕಾಣಲಿಲ್ಲ!

ಬೇಳೆಯನ್ನು ಬಾಯಿತನಕ ತುಂಬಿದ್ದೆ. ಕುಕ್ಕರ್ ಕೂಗಬೇಕಾದಾಗ ಕೂಗಲಿಲ್ಲ. ಬುಸುಗುಟ್ಟಿತು, ನಡುಗಿತು. ಯಾಕೆಂದು ನೋಡಲು ನಡುಮನೆಯಿಂದ ಅಡುಗೆಮನೆಯ ಬಾಗಿಲತ್ತ ಬರುವಷ್ಟರಲ್ಲಿ ಢಂ! ಬೇಳೆ ಛಾವಣಿಗೆ ಅಂಟಿತು. ಮುಚ್ಚಳ ಕಿಟಕಿಯ ಗಾಜು ಒಡೆದುಕೊಂಡು ಪಕ್ಕದ ಮನೆಯ ಅಂಗಳಕ್ಕೆ ಬಿತ್ತು. ನನಗೆ ಒಂದು ಗೀರೂ ಆಗಲಿಲ್ಲ. ಆದರೆ ಅಂದಿನಿಂದ ಯಾರ ಮನೆಯ ಕುಕ್ಕರ್ ಕೂಗಿದರೂ ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಕಾಲು ತಾನಾಗಿಯೇ ಬೀದಿಗೆ ಓಡುವುದು ಶುರುವಾಯಿತು. ಬೆಳಗ್ಗೆ ಕುಕ್ಕರ್ ಕೂಗದ ಮನೆ ಯಾವುದಿದೆ? ಒಂದು ದಿನ ಸ್ನಾನವನ್ನೂ ಅರ್ಧಕ್ಕೆ ಬಿಟ್ಟು ಟವೆಲ್ಲಿನಲ್ಲೇ ಬೀದಿಗೆ ಬಂದೆ. ಮರುದಿನವೇ ಸುಜಾತ ನನ್ನನ್ನು ತರೀಕೆರೆಯ ಡಾಕ್ಟರಮ್ಮನ ಮುಂದೆ ಕೂರಿಸಿದಳು.

ಅವರು ನಗಲಿಲ್ಲ. ಅದರಿಂದ ನನಗೆ ಇನ್ನಷ್ಟು ಗಾಬರಿಯಾಯಿತು.

“ಮೇಷ್ಟ್ರೇ, ಈ ಭಯ ನೀವು ಕಲ್ತಿದ್ದು. ಏನೂ ಆಗಲ್ಲ ಅಂತ ಈಗ ಹೊಸದಾಗಿ ಕಲೀಬೇಕು. ಮೊದಲು ದೂರದಿಂದ ಕೇಳಿ, ಆಮೇಲೆ ಹತ್ತಿರ ಹೋಗಿ. ಆದ್ರೆ ಹಳೇ ಭಯ ಅಳಿಸಿ ಹೋಗಲ್ಲ, ಮಲಗಿರುತ್ತೆ ಅಷ್ಟೆ. ನಿಮ್ಮನೇಲಿ ಮಾತ್ರ ಅಭ್ಯಾಸ ಮಾಡಿದ್ರೆ ಬೇರೆ ಕಡೆ ಎದ್ದು ಕೂರುತ್ತೆ. ನಾಲ್ಕಾರು ಮನೆ ಅಡುಗೆಮನೇಲಿ ನಿಂತು ಅಭ್ಯಾಸ ಮಾಡಿ.”

ನಾಲ್ಕಾರು ಮನೆ! ಊರಿನ ಮೇಷ್ಟ್ರು ಮನೆಮನೆಗೆ ಹೋಗಿ “ತಾಯೀ, ನಿಮ್ಮ ಕುಕ್ಕರ್ ಪಕ್ಕ ಸ್ವಲ್ಪ ನಿಂತ್ಕೊಳ್ಲಾ?” ಎಂದು ಕೇಳುವುದೇ? ಆ ಸಲಹೆಯೊಂದನ್ನು ಮಾತ್ರ ತರೀಕೆರೆಯಲ್ಲೇ ಬಿಟ್ಟು ಬಂದೆ.

ಮಿಕ್ಕದ್ದನ್ನು ಶ್ರದ್ಧೆಯಿಂದ ಮಾಡಿದೆ. ಮೊದಲು ಗೇಟಿನ ಬಳಿ, ಆಮೇಲೆ ಜಗಲಿ, ಆಮೇಲೆ ನಡುಮನೆ. ಕುಕ್ಕರ್ ಕೂಗಿದಾಗಲೆಲ್ಲ ಸುಜಾತ ಒಳಗಿನಿಂದ “ಇದ್ದೀರೇನ್ರೀ?” ಎನ್ನುವಳು. “ಇದ್ದೀನಿ ಕಣೇ!” ಎಂದು ನಾನು ಕಂಬ ತಬ್ಬಿಕೊಂಡೇ ಉತ್ತರಿಸುವೆನು. ಕೊನೆಗೆ ನಮ್ಮ ಕುಕ್ಕರಿನ ಪಕ್ಕದಲ್ಲೇ ನಿಂತು ಕಾಫಿ ಕುಡಿಯುವ ಮಟ್ಟಕ್ಕೆ ಬಂದೆ. ಭಯದಿಂದ ಶಾಶ್ವತ ಬಿಡುಗಡೆ ದೊರೆತಿದೆ ಎಂದು ಸ್ಟಾಫ್ ರೂಮಿನಲ್ಲಿ ಘೋಷಿಸಿದೆ!

ಅಷ್ಟರಲ್ಲಿ ಕಡೂರಿನಿಂದ ಸುಜಾತಳ ತಮ್ಮ ಮಂಜುನಾಥನ ಫೋನು. ಅವನ ಮಗಳು ಕಾವ್ಯಳನ್ನು ನೋಡಲು ಬೀರೂರಿನವರು ಬರುತ್ತಿದ್ದರು. ಹುಡುಗ ಹುಡುಗಿ ಆಗಲೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಒಪ್ಪಬೇಕಾದವರು ಹುಡುಗನ ತಂದೆ ರುದ್ರಪ್ಪನವರು. ನಗು ಎಂಬುದನ್ನೇ ಅರಿಯದ ಗಂಭೀರ ಮನುಷ್ಯರು.

“ಭಾವ, ನೀವು ಓದಿದೋರು. ಅವ್ರ ಪಕ್ಕ ಕೂತು ಮಾತಾಡಿಸ್ತಿರಿ. ಮಗು ಜೀವನದ ಪ್ರಶ್ನೆ,” ಎಂದ ಮಂಜುನಾಥ.

ಕಡೂರಿಗೆ ಹೋದೊಡನೆ ಸುಜಾತ ನನ್ನನ್ನು ಮೂಲೆಗೆ ಕರೆದಳು. “ರೀ, ಒಳಗೆ ದೊಡ್ಡ ಕುಕ್ಕರ್ ಇಟ್ಟವ್ರೆ. ಅವ್ರು ಬರೋಕ್ ಮುಂಚೆ ಒಂದ್ಸಲ ಪಕ್ಕ ನಿಂತು ಕೇಳಿಸ್ಕೊಂಡ್ಬಿಡ್ರೀ.”

“ಗುಣ ಆದೋನಿಗೆ ಔಷಧಿ ಯಾಕೆ ಕಣೇ?” ಎಂದೆ.

ರುದ್ರಪ್ಪನವರು ಬಂದು ನನ್ನ ಪಕ್ಕ ಕೂತು, ಉಪ್ಪಿಟ್ಟಿನ ತಟ್ಟೆ ಹಿಡಿದು, ತೆಂಗಿನಕಾಯಿ ವ್ಯಾಪಾರದ ಬಗ್ಗೆ ಮಾತು ತೆಗೆದರು. ನಾನು ಹೂಂಗುಟ್ಟುತ್ತಿದ್ದೆ. ಆಗ ಒಳಗೆ ಅದು ಬುಸುಗುಟ್ಟಿತು. ಆಮೇಲೆ ಗಡಗಡ ನಡುಗಿತು. ಇದು ನಮ್ಮ ಕುಕ್ಕರಲ್ಲ! ಇದರ ಗುಣ ನನಗೆ ಗೊತ್ತಿಲ್ಲ! ಅಂಗೈ ಒದ್ದೆಯಾಯಿತು. ಎದ್ದು ಓಡಿದರೆ ಮಾನ ಹೋಗುತ್ತದೆ. ಕೂತಿದ್ದರೆ ಪ್ರಾಣ!

ಅದು ಕೂಗಿತು.

“ಮಲಕ್ಕೊಳ್ರೀ!” ಎಂದು ಕಿರುಚಿ, ರುದ್ರಪ್ಪನವರ ತೋಳು ಹಿಡಿದು ಸೋಫಾದಿಂದ ಕೆಳಗೆಳೆದು, ಅವರ ಮೇಲೆ ಬಿದ್ದು, ಇಬ್ಬರ ತಲೆಗೂ ದಿಂಬು ಅಡ್ಡ ಹಿಡಿದೆ. ಎರಡನೆಯ ಕೂಗಿಗೆ ಅವರನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡೆ.

“ಯಾರ್ರೀ ಇವ್ರು? ಬಿಡಿಸ್ರೋ ನನ್ನ!”

ಮಂಜುನಾಥನ ಮುಖದಲ್ಲಿ ರಕ್ತವಿರಲಿಲ್ಲ. ಹುಡುಗ ತಂದೆಯನ್ನು ಎಬ್ಬಿಸಿ ಕೂರಿಸಿದ. ನನ್ನಿಂದ ಒಂದು ಮದುವೆ ಮುರಿಯಿತಲ್ಲ ಎಂದು ನಾನು ನೆಲ ನೋಡುತ್ತ ಕೂತೆ. ಕಾಫಿ ತಟ್ಟೆ ಹಿಡಿದು ಬಂದಿದ್ದ ಕಾವ್ಯಳೇ ಬಾಯಿಬಿಟ್ಟಳು.

“ಮಾವನಿಗೆ ಕುಕ್ಕರ್ ಅಂದ್ರೆ ಜೀವಭಯ. ಆದ್ರೂ ನಿಮ್ಮನ್ನ ಬಿಟ್ಟು ಓಡ್ಲಿಲ್ಲ ನೋಡಿ.”

ರುದ್ರಪ್ಪನವರು ಜೇಬಿಗೆ ಚೆಲ್ಲಿದ್ದ ಉಪ್ಪಿಟ್ಟನ್ನು ತೆಗೆದು ತಟ್ಟೆಗೆ ಹಾಕಿದರು.

“ಕಷ್ಟದಲ್ಲಿ ಬಿಟ್ಟು ಓಡೋ ಜನ ಅಲ್ಲ. ಹುಡುಗಿ ಒಪ್ಪಿಗೆ. ಆದ್ರೆ ಇವ್ರನ್ನ ಮಾತ್ರ ಇನ್ಮೇಲೆ ನನ್ನ ಪಕ್ಕ ಕೂರಿಸ್ಬೇಡಿ ಕಣ್ರಪ್ಪಾ!”

ಈಗ ನಾನು ನಾಚಿಕೆ ಬಿಟ್ಟು ಬೀದಿಯ ಎಲ್ಲ ಮನೆಗಳ ಕುಕ್ಕರಿನ ಪಕ್ಕದಲ್ಲೂ ನಿಂತು ಬರುತ್ತಿದ್ದೇನೆ. ಪರವಾಗಿಲ್ಲ, ಸುಧಾರಿಸುತ್ತಿದ್ದೇನೆ. ಚಿಂತೆ ರುದ್ರಪ್ಪನವರದು. ನಿಶ್ಚಿತಾರ್ಥದ ದಿನ ನಾನು ಹತ್ತಿರ ಹೋಗಿ ನಮಸ್ಕಾರ ಎಂದಿದ್ದೇ ತಡ, ಅವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಬೆವರಿಬಿಟ್ಟರು!

“ಒಂದೇ ಸಲ ಹತ್ತಿರ ಹೋಗ್ಬೇಡ್ರೀ. ದೂರದಿಂದ ಅಭ್ಯಾಸ ಮಾಡಿಸಿ,” ಎಂದಳು ಸುಜಾತ. ಹಾಗಾಗಿ ನಾನೀಗ ಬಿಡುವಾದಾಗಲೆಲ್ಲ ಬೀರೂರಿಗೆ ಹೋಗಿ, ಅವರ ಗೇಟಿನಾಚೆ ನಿಂತು ಕೈ ಮುಗಿದು ಬರುತ್ತೇನೆ. ಮೊನ್ನೆ ಅವರು ಒಳಗೆ ಓಡಲಿಲ್ಲ. ಬಾಗಿಲು ಹಾಕಿಕೊಂಡರು, ಅಷ್ಟೆ.